ವರದಿಯಲ್ಲಿ ಹಾಡು ಇರಲಿ: ಕಲಬುರಗಿ ಕಡೆ ಸಂಗೀತ ವರದಿ ಬರೆಯುವವರಿಗೆ ಸಮಗ್ರ ಮಾರ್ಗದರ್ಶಿ

ಕಲಬುರಗಿ, ಬೀದರ್, ಯಾದಗಿರಿ ಕಡೆ ಹೊಸದಾಗಿ ಸಾಂಸ್ಕೃತಿಕ ವರದಿ ಮಾಡಲು ಶುರು ಮಾಡಿದವರು ತಮ್ಮ ಬರಹ ತಂದು ನನಗೆ ತೋರಿಸುತ್ತಾರೆ. ಊರು ಬೇರೆ, ಕಾರ್ಯಕ್ರಮ ಬೇರೆ. ತಪ್ಪು ಮಾತ್ರ ಒಂದೇ. ಉದ್ಘಾಟನೆ ಯಾರು ಮಾಡಿದರು, ಸಾನ್ನಿಧ್ಯ ಯಾರು ವಹಿಸಿದ್ದರು, ಸ್ವಾಗತ ಯಾರದು, ವಂದನೆ ಯಾರದು ಎಲ್ಲವೂ ಇರುತ್ತದೆ. ಕೊನೆಗೆ ‘ನಂತರ ನಡೆದ ಸಂಗೀತ ಕಾರ್ಯಕ್ರಮ ಜನಮನ ಸೂರೆಗೊಂಡಿತು’ ಅನ್ನುವ ಒಂದು ಸಾಲು. ಎರಡು ತಾಸು ಹಾಡಿದವರಿಗೆ ಸಿಕ್ಕಿದ್ದು ಅಷ್ಟೇ. ತಬಲಾ ನುಡಿಸಿದವರಿಗೆ ಅದೂ ಇಲ್ಲ.

ಇವರು ಸೋಮಾರಿಗಳಲ್ಲ. ರಾತ್ರಿ ಹನ್ನೊಂದರವರೆಗೆ ಕೂತು ಕೇಳಿದವರೇ. ಕೇಳಿದ್ದನ್ನು ಯಾವ ಕ್ರಮದಲ್ಲಿ ಹಿಡಿಯಬೇಕು ಅಂತ ಇವರಿಗೆ ಯಾರೂ ಹೇಳಿಕೊಟ್ಟಿಲ್ಲ. ನಾನು ಕೆಲಸ ಮಾಡುವ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಇದಕ್ಕೆ ಹಾಡು ಕಲಿತಿರಬೇಕು ಅಂತಿಲ್ಲ. ಕಿವಿ, ತಾಳ್ಮೆ, ಕೇಳಿ ತಿಳಿದುಕೊಳ್ಳುವ ಮನಸ್ಸು ಇದ್ದರೆ ಸಾಕು.

## ಜೊತೆಗೆ ಇರಬೇಕಾದ ಸಾಮಾನು

ಜೇಬಿಗೆ ಹಿಡಿಸುವ ನೋಟ್‌ಬುಕ್. ಎರಡು ಪೆನ್ಸಿಲ್, ಯಾಕೆಂದರೆ ಕತ್ತಲಲ್ಲಿ ಪೆನ್ನು ನಿಂತರೆ ಗೊತ್ತೇ ಆಗುವುದಿಲ್ಲ. ಸರಿಯಾದ ಸಮಯ ತೋರಿಸುವ ಕೈಗಡಿಯಾರ. ಫೋನು, ಇಯರ್‌ಫೋನು, ಪವರ್ ಬ್ಯಾಂಕ್. ಫೋನಿನಲ್ಲಿ ತಂಬೂರಿ ಶ್ರುತಿ ಕೊಡುವ ಒಂದು ಆ್ಯಪ್.

ಜಾತ್ರೆಗೆ ಅಥವಾ ಮಠದ ಅಹೋರಾತ್ರಿ ಭಜನೆಗೆ ಹೋಗುವುದಾದರೆ ನೀರಿನ ಬಾಟಲಿ ಮತ್ತು ಒಂದು ಶಾಲು ಜಾಸ್ತಿ. ದತ್ತ ಜಯಂತಿ ಬರುವುದು ಮಾರ್ಗಶಿರ ಹುಣ್ಣಿಮೆಗೆ. ಹುಮನಾಬಾದ್ ಹತ್ತಿರದ ಮಾಣಿಕನಗರದಲ್ಲಿ ಆ ರಾತ್ರಿಗಳ ಚಳಿ ಬೆರಳು ಮರಗಟ್ಟಿಸುತ್ತದೆ. ಬೆರಳು ಓಡದಿದ್ದರೆ ಬರೆಯುವುದು ಹೇಗೆ?

## ಹಂತ 1: ಆಮಂತ್ರಣ ಪತ್ರಿಕೆಯನ್ನು ಅನುಮಾನದಿಂದ ಓದಿ (ಎರಡು ದಿನ ಮೊದಲು)

ಆಮಂತ್ರಣದಲ್ಲಿ ಮೂರು ವಿಷಯ ಸಾಮಾನ್ಯವಾಗಿ ಸರಿ ಇರುವುದಿಲ್ಲ: ಸಮಯ, ಹೆಸರುಗಳ ಕಾಗುಣಿತ, ಸಾಥಿದಾರರು, ಅಂದರೆ ಜೊತೆಗೆ ವಾದ್ಯ ನುಡಿಸುವವರು.

ಸಂಜೆ 6 ಅಂತ ಅಚ್ಚಾಗಿದ್ದರೆ ಅದು ಸಭೆ ಶುರುವಾಗುವ ಹೊತ್ತು. ಹಾಡು ಶುರುವಾಗುವುದು ಯಾವಾಗ ಅಂತ ಆಯೋಜಕರಿಗೆ ಫೋನ್ ಮಾಡಿ ಬೇರೆಯಾಗಿಯೇ ಕೇಳಿ. ಸಾಥಿದಾರರ ಹೆಸರು ‘ಮತ್ತು ಸಂಗಡಿಗರು’ ಎಂಬಲ್ಲಿ ಮುಚ್ಚಿಹೋಗಿರುತ್ತದೆ. ತಬಲಾ ಯಾರು, ಪೇಟಿ (ಹಾರ್ಮೋನಿಯಂ) ಯಾರು, ತಂಬೂರಿ ಯಾರು, ಎಲ್ಲಿಯವರು, ಇನಿಷಿಯಲ್ ಏನು ಎಂದು ಬರೆದುಕೊಳ್ಳಿ. ಸಿಗದಿದ್ದರೆ ಖಾಲಿ ಜಾಗ ಬಿಟ್ಟು ಇಟ್ಟುಕೊಳ್ಳಿ. ಹಂತ 3ರಲ್ಲಿ ತುಂಬಿಸಬಹುದು.

ಅದೇ ದಿನ ನಿಮ್ಮ ಡೆಸ್ಕಿಗೂ ಒಂದು ಫೋನ್ ಮಾಡಿ. ಎಷ್ಟು ಪದ ಬೇಕು, ಪುಟ ಎಷ್ಟಕ್ಕೆ ಕಟ್ಟುತ್ತಾರೆ ಎಂದು ಕೇಳಿ. ಜಿಲ್ಲಾ ಪುಟ ರಾತ್ರಿ ಬೇಗ ಮುಗಿದುಹೋಗುತ್ತದೆ. ಹಾಡು 8ಕ್ಕೆ ಶುರುವಾಗಿ ಪುಟ 9ಕ್ಕೆ ಮುಗಿಯುವುದಾದರೆ, ಮರುದಿನಕ್ಕೆ ಪೂರ್ತಿ ವರದಿ ಕೊಡುತ್ತೇನೆ ಎಂದು ಆಗಲೇ ಒಪ್ಪಿಸಿ. ಅರ್ಧ ಕೇಳಿ ಪೂರ್ತಿ ಬರೆಯುವ ಪರಿಸ್ಥಿತಿಗೆ ನಿಮ್ಮನ್ನು ನೀವೇ ತಳ್ಳಿಕೊಳ್ಳಬೇಡಿ.

ಉರುಸಿಗೆ ಹೋಗುವವರಿಗೆ ಇನ್ನೊಂದು ಮಾತು. ಕಲಬುರಗಿಯ ಖಾಜಾ ಬಂದೇ ನವಾಜ್ ದರ್ಗಾದ ಉರುಸು ಇಸ್ಲಾಮಿ ತಿಂಗಳ ಲೆಕ್ಕದಲ್ಲಿ ಬರುತ್ತದೆ. ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. ಹೋದ ವರ್ಷದ ತಾರೀಖು ನೋಡಿ ರಜೆ ಹೊಂದಿಸಬೇಡಿ.

## ಹಂತ 2: ಕಿವಿ ತಯಾರು ಮಾಡಿ (ಹಿಂದಿನ ದಿನ, ಎರಡು ತಾಸು)

ಮೊದಲ ತಾಸು, ಹಾಡುವವರ ಹಳೆಯ ರೆಕಾರ್ಡಿಂಗ್ ಕೇಳಿ. ಹೊಗಳುವುದಕ್ಕೆ ಏನು ಸಿಗುತ್ತದೆ ಎಂದು ಹುಡುಕಬೇಡಿ. ಅವರ ರೂಢಿ ಏನು ಎಂದು ನೋಡಿ. ಆಲಾಪಕ್ಕೆ, ಅಂದರೆ ತಾಳವಿಲ್ಲದೆ ರಾಗ ಬಿಡಿಸುವುದಕ್ಕೆ, ಎಷ್ಟು ಹೊತ್ತು ಕೊಡುತ್ತಾರೆ? ತಾನ್ (ವೇಗದ ಸ್ವರಗಳ ಓಟ) ಜಾಸ್ತಿಯೋ, ನಿಧಾನದ ಬೆಳವಣಿಗೆ ಜಾಸ್ತಿಯೋ? ಇದು ಗೊತ್ತಿದ್ದರೆ ನಾಳೆ ಅವರು ರೂಢಿ ಬಿಟ್ಟು ಹೊಸದೇನಾದರೂ ಮಾಡಿದಾಗ ನಿಮ್ಮ ಕಿವಿ ನಿಮಿರುತ್ತದೆ.

ಎರಡನೇ ತಾಸು ತಾಳಕ್ಕೆ. ನಮ್ಮ ಕಡೆ ಮತ್ತೆ ಮತ್ತೆ ಕೇಳಿಬರುವುದು ಆರು: ತೀನ್‌ತಾಲ 16 ಮಾತ್ರೆ (ಎಣಿಕೆ), ಏಕತಾಲ 12, ಝಪತಾಲ 10, ಕೆಹರವಾ 8, ರೂಪಕ 7, ದಾದರಾ 6. ಕೈಯಲ್ಲಿ ಎಣಿಸಿ. ತೀನ್‌ತಾಲದಲ್ಲಿ 9ನೇ ಮಾತ್ರೆ ಖಾಲಿ. ಅಲ್ಲಿ ಡಗ್ಗಾದ, ಅಂದರೆ ಎಡಗೈಯ ದೊಡ್ಡ ತಬಲಾದ, ಗುಂಯ್ ಎನ್ನುವ ದನಿ ಹಿಂದೆ ಸರಿಯುತ್ತದೆ. ಅದನ್ನು ಗುರುತಿಸಲು ಬಂದರೆ ಸಮ್ (ತಾಳದ ಮೊದಲ ಏಟು) ಎಲ್ಲಿ ಬರುತ್ತದೆ ಎಂದು ಮೊದಲೇ ಊಹಿಸಬಹುದು. ರೂಪಕದಲ್ಲಿ ಸಮ್ಮೇ ಖಾಲಿ, ಹಾಗಾಗಿ ಹೊಸಬರು ಅಲ್ಲಿ ದಾರಿ ತಪ್ಪುತ್ತಾರೆ. ವಿಲಂಬಿತ (ನಿಧಾನ ಲಯದ) ಏಕತಾಲದಲ್ಲಿ ಒಂದೊಂದು ಮಾತ್ರೆ ನಾಲ್ಕೈದು ಸೆಕೆಂಡ್ ಎಳೆಯುವುದುಂಟು. ಒಂದು ಆವರ್ತನಕ್ಕೇ, ಅಂದರೆ ತಾಳದ ಒಂದು ಸುತ್ತಿಗೇ, ಹತ್ತಿರ ಹತ್ತಿರ ಒಂದು ನಿಮಿಷ. ಎಣಿಕೆ ತಪ್ಪಿದರೆ ಗಾಬರಿ ಬೇಡ, ಬಂದಿಶ್‌ನ (ಹಾಡಿನ ರಚನೆಯ) ಮುಖಡಾ, ಅಂದರೆ ಮೊದಲ ಸಾಲಿನ ತುಣುಕು, ತಿರುಗಿ ಬರುವ ಜಾಗ ಹಿಡಿದುಕೊಳ್ಳಿ.

ರಾಗದಲ್ಲಿ ಹತ್ತು ಸಾಕು. ಯಾವ ಸ್ವರ ಇಲ್ಲ ಎಂಬುದರಿಂದ ಕಲಿಯುವುದು ಸುಲಭ. ಭೂಪಾಲಿಯಲ್ಲಿ ಮಧ್ಯಮ, ನಿಷಾದ ಇಲ್ಲ. ಮಾಲ್ಕೌಂಸ್‌ನಲ್ಲಿ ರಿಷಭ, ಪಂಚಮ ಇಲ್ಲ. ದುರ್ಗಾದಲ್ಲಿ ಗಾಂಧಾರ, ನಿಷಾದ ಇಲ್ಲ. ಆಮೇಲೆ ಒಂದೇ ಸ್ವರಗಳ ಅಣ್ಣತಮ್ಮಂದಿರು. ಮಾರ್ವಾ, ಪೂರಿಯಾ, ಸೋಹನಿ ಮೂರಕ್ಕೂ ಸ್ವರ ಅವೇ, ನಡಿಗೆ ಬೇರೆ. ಮಾರ್ವಾ ರಿಷಭ ಧೈವತಗಳ ಮೇಲೆ ನಿಲ್ಲುತ್ತದೆ. ಪೂರಿಯಾ ಕೆಳಗಿನ ಸಪ್ತಕದ ಕಡೆ ಎಳೆಯುತ್ತದೆ, ಸೋಹನಿ ಮೇಲಕ್ಕೆ ಹಾರುತ್ತದೆ.

### ಹೆಸರಿನ ಬಲೆ

ಇದರಲ್ಲಿ ಬಹಳ ಜನ ಬೀಳುತ್ತಾರೆ. ನಮ್ಮ ಕಡೆ ಕೇಳುವುದು ಹಿಂದೂಸ್ತಾನಿ. ಡೆಸ್ಕಿನಲ್ಲಿ ಕೂತವರು ಕೆಲವೊಮ್ಮೆ ಕರ್ನಾಟಕ ಸಂಗೀತ ಕೇಳಿ ಬೆಳೆದವರು. ಎರಡು ಪದ್ಧತಿಯಲ್ಲೂ ಒಂದೇ ಹೆಸರು ಇದ್ದರೂ ಕೆಲವೊಮ್ಮೆ ರಾಗ ಬೇರೆ ಇರುತ್ತದೆ.

ಕರ್ನಾಟಕದ ಹಿಂದೋಳ ನಮ್ಮ ಮಾಲ್ಕೌಂಸ್‌ಗೆ ಹತ್ತಿರ. ಹಿಂದೂಸ್ತಾನಿಯ ಹಿಂದೋಲ್ ಪೂರ್ತಿ ಬೇರೆ, ಅದರಲ್ಲಿ ತೀವ್ರ ಮಧ್ಯಮ ಇದೆ. ಕರ್ನಾಟಕದ ತೋಡಿಯ ಸ್ವರಗಳು ಹಿಂದೂಸ್ತಾನಿಯ ಭೈರವಿ ಥಾಟಿಗೆ (ಸ್ವರಗಳ ಗುಂಪಿಗೆ) ಹೊಂದುತ್ತವೆ. ನಮ್ಮ ತೋಡಿಯ ಸ್ವರಗಳು ಅಲ್ಲಿ ಶುಭಪಂತುವರಾಳಿ. ಭೂಪಾಲಿಗೆ ಅಲ್ಲಿ ಮೋಹನ ಅನ್ನುತ್ತಾರೆ. ತಾಳದಲ್ಲೂ ಹೀಗೆಯೇ, ಅವರ ರೂಪಕ ನಮ್ಮ 7 ಮಾತ್ರೆಯ ರೂಪಕ ಅಲ್ಲ. ಆದ್ದರಿಂದ ವರದಿಯ ಮೇಲೆ ‘ರಾಗದ ಹೆಸರು ಬದಲಿಸಬೇಡಿ, ಪರಿಶೀಲಿಸಿದೆ’ ಎಂದು ಒಂದು ಸಾಲು ಬರೆದೇ ಕಳಿಸಿ.

## ಹಂತ 3: ಒಂದು ತಾಸು ಮೊದಲೇ ಹೋಗಿ

ಮೈಕ್ ಹೊಂದಿಸುವ ಹೊತ್ತಿನಲ್ಲಿ ಸಿಗುವ ಮಾಹಿತಿ ಆಮೇಲೆ ಸಿಗುವುದಿಲ್ಲ. ಸಾಥಿದಾರರು ಆಗ ಬಿಡುವಾಗಿರುತ್ತಾರೆ. ಹೆಸರು, ಊರು, ಗುರು ಯಾರು ಎಂದು ಅವರನ್ನೇ ಕೇಳಿ. ಹೆಸರನ್ನು ನಿಮ್ಮ ನೋಟ್‌ಬುಕ್ಕಿನಲ್ಲಿ ಅವರ ಕೈಯಿಂದಲೇ ಬರೆಸಿಕೊಳ್ಳಿ. ನಮ್ಮ ಕಡೆ ಪೇಟಿ, ತಬಲಾ ನುಡಿಸುವ ಎಷ್ಟೋ ಜನ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬಂದವರು. ಅಲ್ಲಿ ಕಲಿತವರಲ್ಲಿ ಕಣ್ಣಿಲ್ಲದವರೂ ಬಹಳ ಜನ ಇದ್ದಾರೆ. ಅವರ ಹೆಸರನ್ನು ನೀವು ಬರೆದು, ಗಟ್ಟಿಯಾಗಿ ಓದಿ ಹೇಳಿ, ಸರಿ ಅಂದ ಮೇಲೆ ಮುಂದೆ ಹೋಗಿ.

ಶ್ರುತಿ ಯಾವುದು ಎಂದೂ ಕೇಳಿ. ‘ಕಾಳಿ ಒಂದು’, ‘ಕಾಳಿ ಎರಡು’ ಎಂದು ಹೇಳುತ್ತಾರೆ. ಪೇಟಿಯ ಕರಿ ಮನೆಗಳ ಲೆಕ್ಕ ಅದು. ಫೋನಿನ ತಂಬೂರಿಯನ್ನು ಅದಕ್ಕೆ ಹೊಂದಿಸಿ ಒಂದು ನಿಮಿಷ ಕಿವಿಗೆ ಹಚ್ಚಿಕೊಂಡರೆ ಷಡ್ಜ (ಸ) ನಿಮ್ಮೊಳಗೆ ಕೂರುತ್ತದೆ. ಮುಂದೆ ಯಾವ ಸ್ವರ ಬಿಟ್ಟರು ಎಂದು ಗುರುತಿಸಲು ಇದೇ ಆಧಾರ.

ಗಾಯಕರನ್ನು ಮಾತ್ರ ಆ ಹೊತ್ತಿನಲ್ಲಿ ಮಾತಾಡಿಸಬೇಡಿ. ಗಂಟಲು, ಮನಸ್ಸು ಎರಡನ್ನೂ ಅವರು ಒಂದು ಕಡೆ ತರುತ್ತಿರುತ್ತಾರೆ. ನಮಸ್ಕಾರ ಹೇಳಿ ಬನ್ನಿ ಸಾಕು.

ಕೂರುವ ಜಾಗ ಬಹಳ ಮುಖ್ಯ. ಕಲಬುರಗಿಯ ಎಸ್.ಎಂ. ಪಂಡಿತ ರಂಗಮಂದಿರ ಇರಲಿ, ಬೀದರಿನ ಚನ್ನಬಸವ ಪಟ್ಟದ್ದೇವರ ರಂಗಮಂದಿರ ಇರಲಿ, ಮುಂದಿನ ಸಾಲಿನ ಸೋಫಾ ಬೇಡ. ಅಲ್ಲಿ ಗಣ್ಯರು ಬರುವಾಗಲೆಲ್ಲ ನೀವು ಏಳಬೇಕಾಗುತ್ತದೆ. ಸ್ಪೀಕರ್ ಡಬ್ಬಿಯ ಎದುರೂ ಬೇಡ. ನಾಲ್ಕು ಅಥವಾ ಐದನೇ ಸಾಲಿನ ನಡುವೆ, ತಬಲಾ ನುಡಿಸುವವರ ಬೆರಳು ಕಾಣುವ ಹಾಗೆ ಕೂತುಕೊಳ್ಳಿ. ಬಯಲಿನ ವೇದಿಕೆಯಾದರೆ ಜಮಖಾನದ ತುದಿಯಲ್ಲಿ, ಜನರೇಟರ್‌ಗೆ ದೂರ.

## ಹಂತ 4: ಭಾಷಣದ ಹೊತ್ತು

ಬೇಗ ಮುಗಿಸಿ. ಹೆಸರುಗಳನ್ನು ಆಮಂತ್ರಣದ ಮೇಲೆಯೇ ಗುರುತು ಹಾಕಿ: ಬಂದವರಿಗೆ ಸರಿ, ಬಾರದವರಿಗೆ ತಪ್ಪು. ಯಾರಾದರೂ ಸಂಗೀತಕ್ಕೆ ಸಂಬಂಧಪಟ್ಟ ಗಟ್ಟಿ ಸುದ್ದಿ ಹೇಳಿದರೆ, ಅಂದರೆ ಶಾಲೆಗೆ ಸಂಗೀತ ಶಿಕ್ಷಕರ ನೇಮಕ, ರಂಗಮಂದಿರದ ಬಾಡಿಗೆ, ಕಲಾವಿದರ ಮಾಸಾಶನ ಇಂಥದ್ದು, ಅದನ್ನು ಪದಕ್ಕೆ ಪದ ಬರೆದುಕೊಳ್ಳಿ. ಅದು ಬೇರೆಯೇ ಒಂದು ಸುದ್ದಿ. ಕಛೇರಿಯ ವರದಿಯೊಳಗೆ ತುರುಕಬೇಡಿ.

## ಹಂತ 5: ಕೇಳುತ್ತಾ ಬರೆಯುವುದು

ಎಲ್ಲಕ್ಕಿಂತ ಕಷ್ಟದ ಹಂತ ಇದು. ನೋಟ್‌ಬುಕ್ಕಿನ ಪುಟದಲ್ಲಿ ಎರಡು ಗೆರೆ ಎಳೆದು ಮೂರು ಪಟ್ಟಿ ಮಾಡಿ. ಮೊದಲನೆಯದು ಗಂಟೆ. ಎರಡನೆಯದು ವೇದಿಕೆಯ ಮೇಲೆ ಏನಾಯಿತು. ಮೂರನೆಯದು ನನ್ನೊಳಗೆ ಏನಾಯಿತು. ಎರಡನೆಯದನ್ನೂ ಮೂರನೆಯದನ್ನೂ ಬೆರೆಸಬೇಡಿ. ‘8:14, ಆಲಾಪ ಶುರು, ಮಂದ್ರದಲ್ಲೇ’ ಎನ್ನುವುದು ಎರಡನೇ ಪಟ್ಟಿ. ‘ಮನೆ ನೆನಪಾಯಿತು’ ಎನ್ನುವುದು ಮೂರನೇ ಪಟ್ಟಿ. ಮರುದಿನ ಬರೆಯುವಾಗ ಎರಡನೇ ಪಟ್ಟಿಯಿಂದ ವರದಿ ಕಟ್ಟುತ್ತೀರಿ. ಅದರಲ್ಲಿ ಯಾವುದಕ್ಕೆ ಜಾಗ ಕೊಡಬೇಕು ಎಂದು ಮೂರನೇ ಪಟ್ಟಿ ಹೇಳುತ್ತದೆ.

ಪ್ರತಿ ಪ್ರಸ್ತುತಿಗೂ ಇಷ್ಟನ್ನು ಬರೆದುಕೊಳ್ಳಿ: ಶುರುವಾದ ಹೊತ್ತು, ತಬಲಾ ಒಳಗೆ ಬಂದ ಹೊತ್ತು, ಲಯ ಏರಿದ ಹೊತ್ತು, ಮುಗಿದ ಹೊತ್ತು. ಬಂದಿಶ್‌ನ ಮೊದಲ ಎರಡು ಮೂರು ಪದ, ಕಿವಿಗೆ ಕೇಳಿದ ಹಾಗೆ. ತಬಲಾದವರಿಗೆ ಒಂಟಿಯಾಗಿ ನುಡಿಸಲು ಬಿಟ್ಟರೋ ಇಲ್ಲವೋ. ಪೇಟಿಯವರು ಹಾಡನ್ನು ಹಿಂಬಾಲಿಸಿದರೋ, ನಡುವೆ ತಮ್ಮದೊಂದು ಮಾತು ಸೇರಿಸಿದರೋ.

ರಾಗದ ಹೆಸರು ಹೇಳದೆ ಶುರು ಮಾಡಿದರೆ ಊಹೆ ಬರೆದು ಪಕ್ಕಕ್ಕೆ ದೊಡ್ಡದಾಗಿ ಪ್ರಶ್ನೆ ಚಿಹ್ನೆ ಹಾಕಿ. ಆ ಚಿಹ್ನೆ ಅಳಿಸುವುದು ಹಂತ 7ರಲ್ಲಿ ಮಾತ್ರ.

ಈ ಪಾಠ ನಾನು ಕಲಿತದ್ದು ಹೀಗೆ. ಒಂದು ಜಾತ್ರೆಯಲ್ಲಿ ಬೆಳಗಿನ ಸಂಗೀತ ಸೇವೆ ಇತ್ತು. ಐದು ಸ್ವರ ಕೇಳಿಸಿದವು. ಮಧ್ಯಮ ಇಲ್ಲ, ನಿಷಾದ ಇಲ್ಲ. ಭೂಪಾಲಿ ಅಂತ ಬರೆದೆ, ಅಚ್ಚೂ ಆಯಿತು. ಮರುದಿನ ತಬಲಾ ನುಡಿಸಿದವರು ಫೋನ್ ಮಾಡಿದರು. ಸಿಟ್ಟು ಮಾಡಲಿಲ್ಲ. ‘ಮುಂಜಾನೆ ಎಂಟಕ್ಕ ಭೂಪಾಲಿ ಯಾರ ಹಾಡ್ತಾರ್ರಿ? ಅದು ದೇಶ್ಕಾರ್’ ಅಂದರು. ಸ್ವರ ಎರಡಕ್ಕೂ ಒಂದೇ. ಭೂಪಾಲಿ ಗಾಂಧಾರವನ್ನು ನೆಚ್ಚಿದೆ, ಸಂಜೆಯ ರಾಗ. ದೇಶ್ಕಾರ್ ಧೈವತವನ್ನು ನೆಚ್ಚಿದೆ, ಬೆಳಗಿನದು. ಗಡಿಯಾರ ನೋಡಿದ್ದರೂ ಆ ತಪ್ಪು ಆಗುತ್ತಿರಲಿಲ್ಲ. ಅವತ್ತಿನಿಂದ ಪ್ರತಿ ಪುಟದ ಮೇಲೂ ಮೊದಲು ಹೊತ್ತು ಬರೆಯುತ್ತೇನೆ.

ಕೇಳುಗರನ್ನೂ ಗಮನಿಸಿ. ಕೊನೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ನಡುವೆ ಯಾವ ಜಾಗದಲ್ಲಿ ‘ವಾಹ್’ ಬಂತು? ಯಾವಾಗ ಜನ ಎದ್ದು ಚಹಾಕ್ಕೆ ಹೋದರು? ಹಿಂದಿನ ಸಾಲಿನ ಅಜ್ಜ ಯಾವಾಗ ಕಣ್ಣು ಮುಚ್ಚಿ ತಲೆ ಆಡಿಸಿದರು? ಇವು ಎರಡನೇ ಪಟ್ಟಿಗೆ ಸೇರುತ್ತವೆ.

ಕಲಾವಿದರು ಮತ್ತೆ ಮತ್ತೆ ಶ್ರುತಿ ಮಾಡಿಕೊಂಡರೆ ‘ವಿಳಂಬ’ ಎಂದು ಬರೆಯಬೇಡಿ. ಶರಣಬಸವೇಶ್ವರ ಜಾತ್ರೆ ಬರುವುದು ಹೋಳಿ ಆದ ಮೇಲೆ. ಆಗ ಒಣ ಬಿಸಿಲು. ಮೇಲೆ ವೇದಿಕೆಯ ದೀಪದ ಝಳ. ತಬಲಾದ ತೊಗಲು ಬಿಗಿದು ಶ್ರುತಿ ಏರುತ್ತದೆ, ತಂಬೂರಿ ತಂತಿ ಸಡಿಲಾಗುತ್ತದೆ. ಅವರು ಸುಮ್ನೆ ಸುತ್ತಿಗೆ ಬಡಿಯುತ್ತಿರುವುದಿಲ್ಲ.

### ರೆಕಾರ್ಡಿಂಗ್ ಮತ್ತು ಫೋಟೊ

ರೆಕಾರ್ಡ್ ಮಾಡುವ ಮೊದಲು ಕಲಾವಿದರ ಕಡೆಯವರನ್ನು ಕೇಳಿ. ‘ತಾಳೆ ನೋಡಲು ಮಾತ್ರ, ಎಲ್ಲೂ ಹಾಕುವುದಿಲ್ಲ’ ಎಂದು ಹೇಳಿ, ಹೇಳಿದ ಹಾಗೇ ನಡೆದುಕೊಳ್ಳಿ. ಬೇಡ ಅಂದರೆ ಬೇಡ. ರೆಕಾರ್ಡ್ ಆಗುತ್ತಿದೆ ಎಂದು ನೋಟ್‌ಬುಕ್ ಮುಚ್ಚಬೇಡಿ. ಎರಡು ತಾಸಿನ ರೆಕಾರ್ಡಿಂಗ್ ಮತ್ತೆ ಕೇಳಲು ಎರಡು ತಾಸು ಬೇಕು, ಪುಟ ಅಷ್ಟು ಕಾಯುವುದಿಲ್ಲ.

ಫೋಟೊ ಮೊದಲ ಹತ್ತು ನಿಮಿಷದಲ್ಲಿ ಮುಗಿಸಿ, ಫ್ಲ್ಯಾಶ್ ಇಲ್ಲದೆ. ಆಲಾಪ ನಡೆದಾಗ ವೇದಿಕೆಯ ಮುಂದೆ ಓಡಾಡಬೇಡಿ. ಗಾಯಕರೊಬ್ಬರೇ ಇರುವ ಚಿತ್ರದ ಜೊತೆ ಸಾಥಿದಾರರೆಲ್ಲ ಕಾಣುವ ಚಿತ್ರವೂ ಒಂದು ಇರಲಿ. ಕಳಿಸುವಾಗ ಅದನ್ನೇ ಮೊದಲು ಕಳಿಸಿ.

## ಹಂತ 6: ತತ್ವಪದ, ವಚನ, ಕವ್ವಾಲಿ, ಕೀರ್ತನೆ: ಅಳತೆಗೋಲು ಬದಲಿಸಿ

ನಮ್ಮ ಮೂರು ಜಿಲ್ಲೆಗಳಲ್ಲಿ ರಂಗಮಂದಿರದ ಒಳಗಿಗಿಂತ ಹೊರಗೆ ನಡೆಯುವ ಹಾಡುಗಾರಿಕೆ ಜಾಸ್ತಿ. ಅಲ್ಲಿಗೆ ಖ್ಯಾಲ್‌ನ (ಶಾಸ್ತ್ರೀಯ ಕಛೇರಿಯ ಹಾಡಿಕೆಯ) ಅಳತೆಗೋಲು ಒಯ್ಯುವುದು ದೊಡ್ಡ ತಪ್ಪು. ತತ್ವಪದದ ಭಜನೆಯಲ್ಲಿ ರಾಗದ ಹೆಸರು ಹುಡುಕುತ್ತಾ ಕೂತರೆ ಪದವೇ ಕೈ ತಪ್ಪಿ ಹೋಗುತ್ತದೆ.

ಭಜನೆಯಲ್ಲಿ ಗಮನಿಸಬೇಕಾದದ್ದು ಬೇರೆ. ಪದ ಎತ್ತಿದವರು ಯಾರು? ಹಿಮ್ಮೇಳದಲ್ಲಿ ಎಷ್ಟು ಜನ, ಯಾವ ಸಾಲನ್ನು ಮರಳಿ ಹಿಡಿದರು? ಏಕತಾರಿ, ದಮ್ಮಡಿ, ತಾಳ, ಪೇಟಿ ಇವುಗಳಲ್ಲಿ ಯಾವುದು ಇತ್ತು, ಯಾವುದು ಇರಲಿಲ್ಲ? ಒಂದು ಪದ ಮುಗಿದಾಗ ಅದಕ್ಕೆ ಉತ್ತರದ ಹಾಗೆ ಇನ್ನೊಬ್ಬರು ಬೇರೆ ಪದ ಎತ್ತಿದರೋ? ನಡುರಾತ್ರಿ ದಾಟಿದ ಮೇಲೆ ಪದಗಳ ಆಯ್ಕೆ ಬದಲಾಗುತ್ತದೆ, ಲಯ ತಗ್ಗುತ್ತದೆ. ಹತ್ತಕ್ಕೇ ಎದ್ದು ಬಂದವರಿಗೆ ಇದು ಗೊತ್ತಾಗುವುದೇ ಇಲ್ಲ. ಮಂಗಳದವರೆಗೆ ಕೂತರೆ ಮಾತ್ರ ಆ ವರದಿ ಬರೆಯಿರಿ.

ಅಂಕಿತ ತಪ್ಪದೆ ಬರೆದುಕೊಳ್ಳಿ. ಯಾರ ಪದ ಎಂದು ತಿಳಿಯಲು ಅದೇ ಮೊದಲ ಸುಳಿವು. ಕೂಡಲಸಂಗಮದೇವ ಅಂದರೆ ಬಸವಣ್ಣ, ಕೂಡಲಚೆನ್ನಸಂಗಮದೇವ ಅಂದರೆ ಚೆನ್ನಬಸವಣ್ಣ. ಅವಸರದ ವರದಿಯಲ್ಲಿ ಇವೆರಡು ಅದಲುಬದಲಾಗುತ್ತಲೇ ಇರುತ್ತವೆ. ಚೆನ್ನಮಲ್ಲಿಕಾರ್ಜುನ ಅಂದರೆ ಅಕ್ಕ, ಕಪಿಲಸಿದ್ಧಮಲ್ಲಿಕಾರ್ಜುನ ಅಂದರೆ ಸಿದ್ಧರಾಮ. ಕಡಕೋಳ ಮಡಿವಾಳಪ್ಪನವರ ಪದಗಳಲ್ಲಿ ಗುರುಮಹಾಂತನ ಹೆಸರು ಬರುತ್ತದೆ. ಅವರ ಶಿಷ್ಯ ಬಳಗದ ಚೆನ್ನೂರು ಜಲಾಲಸಾಹೇಬ, ಖೈನೂರು ಕೃಷ್ಣಪ್ಪ ಇವರ ಪದಗಳೂ ನಮ್ಮ ಕಡೆ ಭಜನೆಯಲ್ಲಿ ಇವೆ. ಎಲ್ಲವನ್ನೂ ಒಟ್ಟಿಗೆ ‘ಶರೀಫರ ಪದ’ ಎಂದು ಬರೆದುಬಿಡುವುದನ್ನು ದಯವಿಟ್ಟು ನಿಲ್ಲಿಸಿ. ಹಾಡಿದವರ ಮನಸ್ಸಿಗೆ ಅದು ನೋವು ಕೊಡುತ್ತದೆ. ಅಂಕಿತ ಕೇಳಿಸದಿದ್ದರೆ ಚಹಾದ ಹೊತ್ತಿನಲ್ಲಿ ಹಾಡಿದವರನ್ನೇ ಕೇಳಿ. ಪದದ ಒಗಟಿನ ಅರ್ಥವನ್ನೂ ಅವರು ಪ್ರೀತಿಯಿಂದ ಬಿಡಿಸಿ ಹೇಳುತ್ತಾರೆ.

ದರ್ಗಾದ ಕವ್ವಾಲಿಗೆ ಹೋದರೆ ತಲೆಗೆ ಬಟ್ಟೆ ಹಾಕಿಕೊಂಡು, ಒಪ್ಪಿಗೆ ಪಡೆದು, ಬದಿಯಲ್ಲಿ ಕೂತುಕೊಳ್ಳಿ. ಅದು ಚಿಶ್ತಿ ಪರಂಪರೆಯ ಸಮಾ, ಅಂದರೆ ಆಲಿಸುವುದು. ‘ಪ್ರೇಕ್ಷಕರು’, ‘ಮನರಂಜನೆ’ ಎನ್ನುವ ಪದ ಅಲ್ಲಿಗೆ ಹೊಂದುವುದಿಲ್ಲ. ಬೀದರಿನ ನಾನಕ್ ಝೀರಾ ಗುರುದ್ವಾರದಲ್ಲಿ ಹಾಡುವವರಿಗೆ ರಾಗಿಗಳು ಅನ್ನುತ್ತಾರೆ, ಹಾಡುವುದು ಶಬದ್ ಕೀರ್ತನೆ. ಗುರು ಗ್ರಂಥ ಸಾಹಿಬ್‌ನ ದೊಡ್ಡ ಭಾಗ 31 ರಾಗಗಳ ಕ್ರಮದಲ್ಲಿ ಜೋಡಣೆಯಾಗಿದೆ. ಹಾಗಾಗಿ ಅಲ್ಲಿ ರಾಗ ಯಾವುದು ಎಂದು ಕೇಳುವುದು ಸರಿಯಾದ ಪ್ರಶ್ನೆಯೇ. ಮೊಹರಂ ದಿನಗಳಲ್ಲಿ ಹಳ್ಳಿಗಳಲ್ಲಿ ಹಾಡುವ ರಿವಾಯತ್ ಪದಗಳಿಗೆ ಹೆಜ್ಜೆಯೂ ಇದೆ. ಹೆಜ್ಜೆಯ ಲಯ ಬರೆಯದೆ ಆ ವರದಿ ಪೂರ್ತಿಯಾಗುವುದಿಲ್ಲ.

## ಹಂತ 7: ಮುಗಿದ ಮೇಲಿನ ಹದಿನೈದು ನಿಮಿಷ

ಇದನ್ನು ತಪ್ಪಿಸಿ ಬಸ್ಸಿಗೆ ಓಡಿದವರ ವರದಿಯಲ್ಲೇ ತಪ್ಪು ಜಾಸ್ತಿ. ಗಾಯಕರ ಸುತ್ತ ಜನ ಮುತ್ತಿಕೊಂಡಿರುತ್ತಾರೆ. ನೀವು ತಬಲಾದವರ ಹತ್ತಿರ ಹೋಗಿ. ತಾಳ, ರಾಗ, ಅನುಕ್ರಮ ಮೂರೂ ಅವರಿಗೆ ಗೊತ್ತಿರುತ್ತದೆ. ಆಯೋಜಕರನ್ನು ಕೇಳಿದರೆ ತಿಳಿಯದಿದ್ದರೂ ಏನೋ ಒಂದು ಹೇಳಿಬಿಡುತ್ತಾರೆ.

‘ಏನೇನು ಹಾಡಿದರು?’ ಎಂದು ಕೇಳಬೇಡಿ. ‘ಎರಡನೆಯದು ದುರ್ಗಾ, ಝಪತಾಲ, ಹೌದೇನ್ರಿ?’ ಎಂದು ಕೇಳಿ. ನೀವು ಕೇಳಿಸಿಕೊಂಡಿದ್ದೀರಿ ಎಂದು ಗೊತ್ತಾದ ಕೂಡಲೇ ಅವರ ಮುಖ ಅರಳುತ್ತದೆ. ತಪ್ಪಿದ್ದರೆ ತಿದ್ದುತ್ತಾರೆ, ಜೊತೆಗೆ ನೀವು ಕೇಳದ ಇನ್ನೊಂದು ವಿಷಯವನ್ನೂ ಹೇಳುತ್ತಾರೆ. ನನ್ನ ಒಳ್ಳೆಯ ವರದಿಗಳ ಒಳ್ಳೆಯ ಸಾಲುಗಳೆಲ್ಲ ಹೀಗೆ ಪೇಟಿ, ತಬಲಾ ಕಟ್ಟುವ ಹೊತ್ತಿನಲ್ಲಿ ಸಿಕ್ಕವು.

ಪ್ರಶ್ನೆ ಚಿಹ್ನೆ ಉಳಿದಿದ್ದರೆ ರಾಗದ ಹೆಸರನ್ನೇ ಬಿಡಿ. ಹೆಸರಿಲ್ಲದೆ ಏನು ಕೇಳಿಸಿತು ಎಂದು ಬರೆಯಬಹುದು. ತಪ್ಪು ಹೆಸರು ಬರೆದರೆ ಉಳಿದ ಸಾಲುಗಳನ್ನೂ ಓದುಗರು ನಂಬುವುದಿಲ್ಲ.

## ಹಂತ 8: ಬರೆಯುವ ಕ್ರಮ

ಮೊದಲ ಸಾಲು ಹಾಡಿನಿಂದಲೇ ಶುರುವಾಗಲಿ. ಕಾರ್ಯಕ್ರಮದ ಅನುಕ್ರಮ ಮರೆತುಬಿಡಿ. ಮೂರನೇ ಪಟ್ಟಿ ತೆಗೆದು, ನಿಮ್ಮನ್ನು ಹಿಡಿದು ನಿಲ್ಲಿಸಿದ ಒಂದು ಕ್ಷಣ ಆರಿಸಿ. ಎರಡನೇ ಪಟ್ಟಿಯಲ್ಲಿ ಅದೇ ಹೊತ್ತಿಗೆ ಏನಿದೆ ಎಂದು ನೋಡಿ. ಅದನ್ನೇ ಬರೆಯಿರಿ.

ನನಗೆ ಬರುವ ವರದಿಗಳು ಹೀಗಿರುತ್ತವೆ: ‘ಖ್ಯಾತ ಗಾಯಕಿ ತಮ್ಮ ಸುಮಧುರ ಕಂಠದಿಂದ ನೆರೆದಿದ್ದ ಶ್ರೋತೃಗಳನ್ನು ಮಂತ್ರಮುಗ್ಧಗೊಳಿಸಿದರು.’

ಹೀಗೆ ಬರೆಯಬಹುದು: ‘ಬಾಗೇಶ್ರೀಯ ಆಲಾಪದಲ್ಲಿ ಅವರು ಮಧ್ಯಮಕ್ಕೆ ಮತ್ತೆ ಮತ್ತೆ ಬಂದು ನಿಂತರು. ಪಂಚಮವನ್ನು ಒಮ್ಮೆ ಮುಟ್ಟಿ ಕೂಡಲೇ ಇಳಿದುಬಿಟ್ಟರು. ವಿಲಂಬಿತ ಏಕತಾಲ ಶುರುವಾದಾಗ ಹೊರಗೆ ಚಹಾ ಕುಡಿಯುತ್ತಿದ್ದವರೂ ಒಳಗೆ ಬಂದು ಗೋಡೆಗೆ ಆತು ನಿಂತರು.’

ಎರಡನೆಯದರಲ್ಲಿ ಹೊಗಳಿಕೆಯ ಪದ ಒಂದೂ ಇಲ್ಲ. ಆದರೂ ಹಾಡು ಚೆನ್ನಾಗಿತ್ತು ಎಂದು ಓದಿದವರಿಗೆ ಗೊತ್ತಾಗುತ್ತದೆ, ಅಲ್ವಾ?

ಮುಂದಿನ ಪ್ಯಾರಾದಲ್ಲಿ ಯಾರು, ಎಲ್ಲಿ, ಯಾವಾಗ. ಅದರ ಹಿಂದೆಯೇ ಸಾಥಿದಾರರ ಹೆಸರು ಮತ್ತು ಅವರು ಮಾಡಿದ್ದರ ಬಗ್ಗೆ ಒಂದಾದರೂ ನಿಜವಾದ ಮಾತು. ಆಮೇಲೆ ಉಳಿದ ಪ್ರಸ್ತುತಿಗಳು. ಎಲ್ಲಕ್ಕೂ ಸಮಾನ ಜಾಗ ಕೊಡಬೇಕಿಲ್ಲ, ಒಂದನ್ನು ಬಿಡಿಸಿ ಬರೆದು ಉಳಿದದ್ದನ್ನು ಒಂದೊಂದು ಸಾಲಿನಲ್ಲಿ ದಾಟಿ. ಗಣ್ಯರ ಹೆಸರು ಕೊನೆಯ ಪ್ಯಾರಾದಲ್ಲಿ, ಒಂದೇ ವಾಕ್ಯದಲ್ಲಿ. ಡೆಸ್ಕ್ ಕತ್ತರಿಸುವುದು ಕೆಳಗಿನಿಂದ. ಅಲ್ಲಿ ಏನಿರಬೇಕು ಎಂದು ನೀವೇ ಮೊದಲು ತೀರ್ಮಾನ ಮಾಡಿರಬೇಕು.

ಮಂತ್ರಮುಗ್ಧ, ಸುಮಧುರ, ನಾದಲೋಕ, ಗಾನಸುಧೆ, ಕರತಾಡನ, ಸೂರೆಗೊಂಡಿತು. ಬರೆದು ಮುಗಿಸಿದ ಮೇಲೆ ಈ ಪದಗಳನ್ನು ಹುಡುಕಿ ತೆಗೆಯಿರಿ. ಪದ ತೆಗೆದರೆ ವಾಕ್ಯದಲ್ಲಿ ಏನೂ ಉಳಿಯದಿದ್ದರೆ ವಾಕ್ಯವನ್ನೇ ತೆಗೆಯಿರಿ. ತಾಂತ್ರಿಕ ಪದ ಬಂದಾಗ ಅದರ ಕೆಲಸ ಒಂದೆರಡು ಪದದಲ್ಲಿ ಹೇಳಿ. ‘ಸಮ್‌ಗೆ, ಅಂದರೆ ತಾಳದ ಮೊದಲ ಏಟಿಗೆ’ ಎಂದರೆ ಸಾಕು.

### ಚೆನ್ನಾಗಿರದಿದ್ದರೆ?

ಬರೆಯಬೇಕು. ಆದರೆ ಕೇಳಿದ್ದನ್ನು ಮಾತ್ರ. ‘ದ್ರುತ್‌ನಲ್ಲಿ, ಅಂದರೆ ವೇಗದ ಲಯದಲ್ಲಿ, ಎರಡು ಸಲ ತಾನ್ ಸಮ್ ಮುಟ್ಟಲಿಲ್ಲ’ ಎಂದು ಬರೆಯಬಹುದು, ಎಣಿಸಿದ್ದರೆ. ‘ಗಾಯನ ಸಪ್ಪೆಯಾಗಿತ್ತು’ ಎಂದರೆ ಕಲಾವಿದರಿಗೂ ಓದುಗರಿಗೂ ಏನೂ ತಿಳಿಯುವುದಿಲ್ಲ. ಮೈಕ್ ಕೆಟ್ಟಿದ್ದರೆ ಮೈಕ್ ಕೆಟ್ಟಿತ್ತು ಎಂದು ಬರೆಯಿರಿ. ಭಾಷಣ ಉದ್ದವಾಗಿ ಹಾಡಿಗೆ ನಲವತ್ತು ನಿಮಿಷವಷ್ಟೇ ಸಿಕ್ಕಿದ್ದರೆ ಅದನ್ನೂ ಬರೆಯಿರಿ. ನಿಮ್ಮ ಮೊದಲ ಪಟ್ಟಿಯಲ್ಲಿ ಗಂಟೆ ಇದೆ, ಅದೇ ಸಾಕ್ಷಿ. ವೇದಿಕೆ ಹತ್ತುತ್ತಿರುವ ಮಕ್ಕಳ ವಿಷಯದಲ್ಲಿ ಮಾತ್ರ ಕೈ ಹಗುರ ಮಾಡಿ.

## ಹಂತ 9: ಕಳಿಸುವುದು

ಫೋನಿನಲ್ಲಿ ಬರೆದದ್ದು ಯೂನಿಕೋಡ್. ಪುಟ ಕಟ್ಟುವ ಕಡೆ ಹಳೆಯ ಫಾಂಟ್ ಇದ್ದರೆ ಪರಿವರ್ತನೆ ಮಾಡುವಾಗ ಅರ್ಕಾವೊತ್ತು, ಒತ್ತಕ್ಷರ ಕೆಡುತ್ತವೆ. ದುರ್ಗಾ, ಮಾರ್ವಾ, ದರ್ಬಾರಿ ಮೂರರಲ್ಲೂ ಅರ್ಕಾವೊತ್ತೇ ಇದೆ. ರಾಗ ಮತ್ತು ಜನರ ಹೆಸರನ್ನು ಬೇರೆ ಪಟ್ಟಿ ಮಾಡಿ ಕೆಳಗೆ ಕೊಡಿ. ಸಾಧ್ಯವಾದರೆ ಅದರ ಒಂದು ಚಿತ್ರವನ್ನೂ ಕಳಿಸಿ, ಚಿತ್ರದಲ್ಲಿ ಅಕ್ಷರ ಕೆಡುವುದಿಲ್ಲ. ಫೋಟೊ ಅಡಿಬರಹದಲ್ಲಿ ಎಡದಿಂದ ಬಲಕ್ಕೆ ಎಲ್ಲರ ಹೆಸರು.

## ಎಚ್ಚರಿಕೆಯ ಚಿಹ್ನೆಗಳು

ಕಾರ್ಯಕ್ರಮಕ್ಕೆ ಮೊದಲೇ ಸಿದ್ಧ ವರದಿ ಕೈಗೆ ಬಂದರೆ ಎಚ್ಚರ. ಹೊಸದರಲ್ಲಿ ನಾನು ಅಂಥದ್ದೊಂದನ್ನು ಸಂಜೆಯೇ ಕಳಿಸಿಬಿಟ್ಟಿದ್ದೆ. ಬೇರೆ ಊರಿನಿಂದ ಬರಬೇಕಿದ್ದ ಗಾಯಕರಿಗೆ ರೈಲು ತಪ್ಪಿತು, ಬರಲಿಲ್ಲ. ಮರುದಿನ ಅವರು ಹಾಡಿದರು ಎಂದೇ ಅಚ್ಚಾಯಿತು. ಕಾದು ಕಾದು ಮನೆಗೆ ಹೋದವರೆಲ್ಲ ಅದನ್ನು ಓದಿದರು. ಎಷ್ಟೋ ದಿನ ಆ ಸಭಾಂಗಣಕ್ಕೆ ಹೋಗಲು ನನಗೆ ಕಾಲು ಬರಲಿಲ್ಲ.

ಶಾಲಿನ ಜೊತೆ ಕವರ್ ಕೊಟ್ಟರೆ ಅಲ್ಲೇ, ಎಲ್ಲರೆದುರು ಮರಳಿಸಿ. ‘ಆಮೇಲೆ ಕೊಡುತ್ತೇನೆ’ ಎಂದು ಜೇಬಿಗೆ ಇಟ್ಟುಕೊಳ್ಳಬೇಡಿ.

‘ತಬಲಾದವರ ಹೆಸರು ಬೇಡ ಬಿಡ್ರಿ, ಜಾಗ ಸಾಲಂಗಿಲ್ಲ’ ಎಂದು ಯಾರಾದರೂ ಅಂದರೆ, ಅವರಿಗೆ ಸಂಭಾವನೆ ಸಿಕ್ಕಿದೆಯೋ ಇಲ್ಲವೋ ಎಂದೂ ವಿಚಾರಿಸಿ. ನನ್ನ ಅನುಭವದಲ್ಲಿ ಇವೆರಡು ಒಟ್ಟಿಗೇ ಬರುತ್ತವೆ.

ನಿಮ್ಮ ಮೂರನೇ ಪಟ್ಟಿ ಸತತ ಮೂರು ಕಾರ್ಯಕ್ರಮಗಳಲ್ಲಿ ಖಾಲಿ ಉಳಿದರೆ ನೀವು ದಣಿದಿದ್ದೀರಿ. ಜಾತ್ರೆಯ ತಿಂಗಳುಗಳಲ್ಲಿ ಹೀಗಾಗುತ್ತದೆ. ಒಂದು ವಾರ ಬೇರೆಯವರಿಗೆ ಬಿಟ್ಟುಕೊಡಿ.

## ಹಂತ 10: ಮರುದಿನ ಬೆಳಿಗ್ಗೆ

ಅಚ್ಚಾದದ್ದನ್ನು ನೋಟ್‌ಬುಕ್ ಪಕ್ಕ ಇಟ್ಟುಕೊಂಡು ಓದಿ. ಡೆಸ್ಕಿನಲ್ಲಿ ಏನು ಬದಲಾಯಿತು, ಯಾಕೆ ಎಂದು ಕೇಳಿ. ತಪ್ಪು ಕಂಡರೆ ಯಾರಾದರೂ ಫೋನ್ ಮಾಡುವ ಮೊದಲೇ ನೀವೇ ಮಾಡಿ. ಮೊದಲು ಕಲಾವಿದರಿಗೆ, ಆಮೇಲೆ ಡೆಸ್ಕಿಗೆ. ತಿದ್ದುಪಡಿಯಲ್ಲಿ ಸರಿಯಾದ ಹೆಸರು ಪೂರ್ತಿ ಬರಲಿ. ಪ್ರತಿ ವರದಿಗೆ ಸಿಗುವ ಹಣದ ಲೆಕ್ಕವನ್ನು ಅದೇ ದಿನ ಬರೆದಿಡಿ, ಬಸ್ ಖರ್ಚನ್ನೂ ಸೇರಿಸಿ. ತಿಂಗಳ ಕೊನೆಗೆ ನೆನಪಿರುವುದಿಲ್ಲ.

ಕೊನೆಗೆ ನೋಟ್‌ಬುಕ್ಕಿನ ರಟ್ಟಿನ ಮೇಲೆ ತಾರೀಖು, ಊರು, ಸಾಥಿದಾರರ ಹೆಸರು ಬರೆದು ಆಮಂತ್ರಣ ಪತ್ರಿಕೆಯನ್ನು ಒಳಗೆ ಸೇರಿಸಿ ಎತ್ತಿಡಿ. ಮುಂದಿನ ವರ್ಷ ಅದೇ ಜಾತ್ರೆಗೆ ಹೊರಡುವ ಹಿಂದಿನ ರಾತ್ರಿ ಅದನ್ನು ತೆಗೆದು ಓದಿ. ಅದೇ ತಬಲಾದವರು ಮತ್ತೆ ಬಂದು ಕೂತಿದ್ದರೆ, ಈ ಸಲ ಹೆಸರು ಕೇಳುವ ಬದಲು ಹೋದ ವರ್ಷದ ಝಪತಾಲದ ಬಗ್ಗೆ ಕೇಳಿ.